ಹೇನಿನ ಮದ್ದು ಮತ್ತು ಒಂಬತ್ತನೆಯ ದಿನ

ನಾನು ತಿಪಟೂರಿನಲ್ಲಿ ಮೂವತ್ತು ವರ್ಷ ಔಷಧಿ ಅಂಗಡಿ ನಡೆಸಿದವನು. ಅಷ್ಟು ವರ್ಷಗಳಲ್ಲಿ ಗಿರಾಕಿಗಳು ದನಿ ತಗ್ಗಿಸಿ ಕೇಳುತ್ತಿದ್ದ ಸಾಮಾನುಗಳು ಕೆಲವೇ ಕೆಲವು. ಅವುಗಳಲ್ಲಿ ಹೇನಿನ ಔಷಧಿಯೂ ಒಂದು. ಅಂಗಡಿಯಲ್ಲಿ ಬೇರೆ ಯಾರಾದರೂ ನಿಂತಿದ್ದರೆ ಮೊದಲು ತಲೆನೋವಿನ ಮಾತ್ರೆ ಕೇಳುತ್ತಾರೆ. ಆಮೇಲೆ ಒಂದು ಸೋಪು. ನಿಂತವರೆಲ್ಲ ಹೋದ ಮೇಲೆ ಕೌಂಟರಿನ ಮೇಲೆ ಬಾಗಿ, "ಪಕ್ಕದ್ಮನೆ ಮಗೂಗೆ ಬೇಕಂತೆ, ಹೇನಿಂದು ಏನಾದ್ರೂ ಐತಾ?" ನಮ್ಮೂರಿನಲ್ಲಿ ಹೇನು ಯಾವತ್ತೂ ಪಕ್ಕದ ಮನೆಯಲ್ಲೇ ವಾಸ.

ಹಾಗೆ ಗುಟ್ಟಾಗಿ ಕೇಳಿ, ಗುಟ್ಟಾಗಿ ಕೊಂಡು, ಸೆರಗಿನಲ್ಲಿ ಮುಚ್ಚಿಕೊಂಡು ಹೋದ ಬಾಟಲಿಯನ್ನು ಹೇಗೆ ಬಳಸಬೇಕು ಎಂದು ಕೇಳುವಷ್ಟು ಹೊತ್ತು ಯಾರೂ ನಿಲ್ಲುತ್ತಿರಲಿಲ್ಲ. ಅಂದು ಕೌಂಟರಿನಲ್ಲಿ ಹೇಳಲಾಗದೆ ಉಳಿದ ಮಾತುಗಳನ್ನು ಇವತ್ತು ಬಾನುಲಿಯಲ್ಲಿ ಹೇಳುತ್ತೇನೆ. ನೀವು ನಿಮ್ಮ ನಿಮ್ಮ ಮನೆಯಲ್ಲಿ ಕೂತು ಕೇಳುತ್ತಿದ್ದೀರಿ, ನೋಡುವವರು ಯಾರೂ ಇಲ್ಲ. ಹಾಗಾಗಿ ಸಂಕೋಚ ಬೇಡ.

ಮೊದಲು ಆ ಹುಳುವಿನ ವಿಷಯ. ಕನ್ನಡದಲ್ಲಿ ಇದಕ್ಕೆ ಒಂದಲ್ಲ, ಮೂರು ಹೆಸರು. ತಲೆಯಲ್ಲಿ ಓಡಾಡುವುದು ಹೇನು, ಹಳಗನ್ನಡದಲ್ಲಿ ಪೇನ್. ಅದರ ಮೊಟ್ಟೆ ಸೀರು. ಬಟ್ಟೆಯ ಹೊಲಿಗೆಯಲ್ಲಿ ಅಡಗಿ ಮೈ ಕಚ್ಚುವುದು ಕೂರೆ. ಈ ಭೇದ ನಮ್ಮ ಹಿರಿಯರು ಸುಮ್ಮನೆ ಮಾಡಿದ್ದಲ್ಲ. ಟೈಫಸ್ ಎಂಬ ಮಾರಕ ಜ್ವರವನ್ನು ಹರಡುವುದು ಬಟ್ಟೆಯ ಕೂರೆ. ಅದನ್ನು 1909ರಲ್ಲಿ ಟ್ಯುನಿಸ್ ನಗರದಲ್ಲಿ ತೋರಿಸಿಕೊಟ್ಟ ಷಾರ್ಲ್ ನಿಕೋಲ್ ಎಂಬ ವಿಜ್ಞಾನಿಗೆ 1928ರಲ್ಲಿ ನೊಬೆಲ್ ಬಹುಮಾನ ಬಂತು. ತಲೆಯ ಹೇನು ಅಂಥ ರೋಗ ಹರಡುವುದಿಲ್ಲ. ಅದು ಕೊಡುವುದು ತುರಿಕೆ, ನಿದ್ದೆಗೇಡು. ಕೆರೆದು ಕೆರೆದು ಗಾಯವಾಗಿ ಕೀವು ತುಂಬಿದರೆ ಮಾತ್ರ ಅದು ಡಾಕ್ಟರ ಬಳಿ ಹೋಗಬೇಕಾದ ಕಾಯಿಲೆ.

ಹೇನಿಗೆ ರೆಕ್ಕೆಯಿಲ್ಲ, ಹಾರದು. ಚಿಗಟದ ಹಾಗೆ ನೆಗೆಯುವುದೂ ಇಲ್ಲ. ಆರು ಕಾಲಿನಲ್ಲಿ ಕೂದಲನ್ನು ಹಿಡಿದು ನಡೆಯುವುದಷ್ಟೇ ಅದಕ್ಕೆ ಗೊತ್ತು. ಹಾಗಾಗಿ ಒಂದು ತಲೆಗೆ ಇನ್ನೊಂದು ತಲೆ ತಾಕಿದಾಗ ಈ ಕೂದಲಿನಿಂದ ಆ ಕೂದಲಿಗೆ ದಾಟಿಬಿಡುತ್ತದೆ. ಮಕ್ಕಳು ತಲೆಗೆ ತಲೆ ಕೊಟ್ಟು ಒಂದೇ ಪುಸ್ತಕ ನೋಡುವಾಗ, ಅಕ್ಕತಂಗಿಯರು ಒಂದೇ ದಿಂಬಿನಲ್ಲಿ ಮಲಗುವಾಗ ಅದಕ್ಕೆ ದಾರಿ ಸಿಗುತ್ತದೆ. ಕೊಳಕಿಗೂ ಇದಕ್ಕೂ ಸಂಬಂಧವಿಲ್ಲ. ದಿನಾ ತಲೆಗೆ ನೀರು ಹಾಕಿಕೊಳ್ಳುವವರ ರಕ್ತವೂ ಅದಕ್ಕೆ ಅಷ್ಟೇ ರುಚಿ.

ಇನ್ನೊಂದು ಮಾತು. ಮೊದಲ ಸಲ ಹೇನು ಹತ್ತಿದ ತಲೆಯಲ್ಲಿ ಕೂಡಲೇ ತುರಿಕೆ ಬರುವುದಿಲ್ಲ. ಹೇನಿನ ಎಂಜಲು ನಮ್ಮ ಮೈಗೆ ಒಗ್ಗದೆ ಹೋದಾಗ ಬರುವುದು ಆ ತುರಿಕೆ. ಅದು ಶುರುವಾಗಲು ನಾಲ್ಕರಿಂದ ಆರು ವಾರ ಬೇಕಾಗಬಹುದು. ಅಂದರೆ ಇವತ್ತು ಮಗು ತಲೆ ಕೆರೆದುಕೊಳ್ಳುತ್ತಿದ್ದರೆ ಆ ಅತಿಥಿ ಬಂದು ತಿಂಗಳೇ ಆಗಿರಬಹುದು. "ನಿನ್ನೆ ಅವರ ಮನೆಗೆ ಹೋಗಿ ಹತ್ತಿಸಿಕೊಂಡು ಬಂದೆ" ಎಂದು ಮಗುವಿಗೆ ಗದರುವುದೂ ಸಲ್ಲದು, ಅವರ ಮನೆಯವರ ಮೇಲೆ ಜಗಳಕ್ಕೆ ಹೋಗುವುದೂ ಸಲ್ಲದು.

ಈ ನಾಚಿಕೆ ನಮಗೆ ಎಲ್ಲಿಂದ ಬಂತೋ. ಹಿಂದಿನವರಿಗೆ ಇರಲಿಲ್ಲ. ಇಸ್ರೇಲಿನ ಲಾಕೀಶ್ ಎಂಬ ಹಳೆಯ ಪಟ್ಟಣದ ಅಗೆತದಲ್ಲಿ ಆನೆದಂತದ ಒಂದು ಪುಟ್ಟ ಬಾಚಣಿಗೆ ಸಿಕ್ಕಿತು. ಸುಮಾರು ಕ್ರಿ.ಪೂ. 1700ರ ಕಾಲದ್ದು. ಅದರ ಮೇಲೆ ಕೊರೆದಿದ್ದ ಸಣ್ಣ ಅಕ್ಷರಗಳನ್ನು ಓದಿ 2022ರಲ್ಲಿ ಪ್ರಕಟಿಸಿದರು. ಕಾನಾನ್ ನಾಡಿನ ಅಕ್ಷರಮಾಲೆಯಲ್ಲಿ ಬರೆದ ಪೂರ್ಣ ವಾಕ್ಯಗಳಲ್ಲಿ ಈವರೆಗೆ ಸಿಕ್ಕ ಅತ್ಯಂತ ಹಳೆಯದು ಅದು. ಏನು ಬರೆದಿತ್ತು? ರಾಜನ ಹೆಸರಲ್ಲ, ದೇವರ ಸ್ತುತಿಯಲ್ಲ. ತಲೆಯ, ಗಡ್ಡದ ಹೇನನ್ನು ಈ ದಂತ ಕಿತ್ತು ಹಾಕಲಿ ಎಂಬ ಹಾರೈಕೆ. ಆನೆದಂತದ ಬಾಚಣಿಗೆ ಕೊಳ್ಳುವಷ್ಟು ಸಿರಿವಂತರೂ ಹೇನಿನಿಂದ ಒದ್ದಾಡುತ್ತಿದ್ದರು, ಅದನ್ನು ಬರೆದೂ ಇಟ್ಟರು!

ಈಗ ಔಷಧಿಯ ಕಡೆ ಬರೋಣ. ಒಂದು ಸಲ ಹಳ್ಳಿಯಿಂದ ಒಬ್ಬ ಅಜ್ಜಿ ಬಂದು ಮೊಮ್ಮಗಳಿಗೆಂದು ಬಾಟಲಿ ಕೊಂಡು ಹೋದರು. ಮೂರನೆಯ ವಾರ ಖಾಲಿ ಬಾಟಲಿಯನ್ನು ತಂದು ಕೌಂಟರಿನ ಮೇಲೆ ಕುಕ್ಕಿದರು.

"ಏನಪ್ಪಾ, ಬರೀ ನೀರು ತುಂಬಿ ಕೊಟ್ಟಿದ್ದೀಯಾ? ಹಚ್ಚಿದ ದಿನ ಎಲ್ಲಾ ಸತ್ತಿದ್ವು. ಈಗ ನೋಡು, ಸತ್ತಿದ್ ಹೇನೆಲ್ಲಾ ಎದ್ದು ಬಂದವೆ!"

"ಎರಡನೇ ಸಲ ಯಾವತ್ತು ಹಚ್ಚಿದ್ರಿ ಅಜ್ಜಿ?"

"ಎರಡನೇ ಸಲ ಯಾಕಪ್ಪಾ? ಮೊದಲನೇ ಸಲಕ್ಕೇ ಸತ್ತೋಗಿದ್ವಲ್ಲ!"

ಅಜ್ಜಿಯ ಮಾತು ಕೇಳಿ ನಗು ಬಂದರೂ ನಾಚಿಕೆಯಾಗಬೇಕಾದದ್ದು ನನಗೆ. ಎರಡನೆಯ ಸಲದ ಮಾತನ್ನು ನಾನು ಅವರಿಗೆ ಹೇಳಿ ಕಳಿಸಿರಲಿಲ್ಲ. ಇವತ್ತಿನ ಭಾಷಣದ ಜೀವಾಳ ಇರುವುದೇ ಆ ಎರಡನೆಯ ಸಲದಲ್ಲಿ. ಅದು ಯಾಕೆ ಎಂದು ತಿಳಿಯಲು ಈ ಔಷಧಿಯ ಹುಟ್ಟು ಕೊಂಚ ತಿಳಿಯಬೇಕು.

ಹೇನಿಗೆಂದು ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವ ಔಷಧಿಯ ಹೆಸರು ಪರ್ಮೆಥ್ರಿನ್, ಶೇಕಡಾ 1ರ ಲೋಷನ್ ರೂಪದಲ್ಲಿ. ಕಂಪನಿಯ ಹೆಸರು ಏನೇ ಇರಲಿ, ಪೆಟ್ಟಿಗೆಯ ಮೇಲೆ ಸಣ್ಣ ಅಕ್ಷರದಲ್ಲಿ ಈ ಹೆಸರು ಇದೆಯೇ ನೋಡಿ. ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಿಗಳ ಪಟ್ಟಿಯಲ್ಲೂ ಇದು ಇದೆ. ಇದರ ಮೂಲ ಒಂದು ಹೂವು. ನಮ್ಮ ಹೆಣ್ಣುಮಕ್ಕಳು ಮುಡಿಯುವ ಸೇವಂತಿಗೆಯ ಬಳಗಕ್ಕೆ ಸೇರಿದ ಪೈರೆಥ್ರಮ್ ಎಂಬ ಬಿಳಿ ಹೂವು ಯುರೋಪಿನ ಡಾಲ್ಮೇಷಿಯಾ ಕರಾವಳಿಯಲ್ಲಿ ಬೆಳೆಯುತ್ತಿತ್ತು. ಅದನ್ನು ಒಣಗಿಸಿ ಪುಡಿ ಮಾಡಿ ಹುಳಹುಪ್ಪಟೆ ಕೊಲ್ಲಲು ಬಳಸುತ್ತಿದ್ದರು. ಹಾಗೆಂದು ನಮ್ಮ ಸೇವಂತಿಗೆ ಮುಡಿದರೆ ಹೇನು ಸಾಯುವುದಿಲ್ಲ. ಆ ಗುಣ ಇರುವುದು ಆ ಹೂವಿಗೆ. ಆದರೆ ಅದಕ್ಕೂ ಒಂದು ಕೊರತೆ ಇತ್ತು. ಬಿಸಿಲು ತಾಗಿದರೆ ಆ ಪುಡಿಯ ಸತ್ವ ಬೇಗ ಹೋಗಿಬಿಡುತ್ತಿತ್ತು. ಇಂಗ್ಲೆಂಡಿನ ರೋಥಮ್‌ಸ್ಟೆಡ್ ಸಂಶೋಧನಾ ಕೇಂದ್ರದಲ್ಲಿ ಮೈಕೇಲ್ ಎಲಿಯಟ್ ಮತ್ತು ಸಂಗಡಿಗರು ಆ ಹೂವಿನ ಸತ್ವದ ಅಚ್ಚಿನಲ್ಲೇ, ಬೆಳಕಿಗೆ ಕೆಡದ ಹೊಸ ರಾಸಾಯನಿಕವೊಂದನ್ನು ಮಾಡಿ 1973ರಲ್ಲಿ ಪ್ರಕಟಿಸಿದರು. ಅದೇ ಪರ್ಮೆಥ್ರಿನ್. ಸೊಳ್ಳೆಪರದೆಗೆ ಸೇರಿಸುವ ಔಷಧಿಗಳಲ್ಲಿ ಇದೂ ಒಂದು. ಸೊಳ್ಳೆಬತ್ತಿಯಲ್ಲಿರುವ ಅಲೆಥ್ರಿನ್ ಇದರದೇ ಕುಲದ್ದು.

ಇದು ಹೇನನ್ನು ಕೊಲ್ಲುವುದು ನರದ ಮೂಲಕ. ನರದಲ್ಲಿ ಸಂದೇಶ ಹರಿಯಲು ಸೋಡಿಯಂ ಒಳಬರುವ ಸಣ್ಣ ಸಣ್ಣ ಬಾಗಿಲುಗಳಿವೆ. ತೆರೆದ ಬಾಗಿಲು ಮರುಕ್ಷಣ ಮುಚ್ಚಬೇಕು. ಪರ್ಮೆಥ್ರಿನ್ ಆ ಬಾಗಿಲನ್ನು ಮುಚ್ಚಗೊಡುವುದಿಲ್ಲ. ಹೇನಿನ ನರಗಳು ಒಂದೇ ಸಮನೆ ಮಿಡಿದು, ಕೈಕಾಲು ಸೆಟೆದು ಅದು ಸಾಯುತ್ತದೆ. ನಮಗೂ ನರಗಳಿವೆಯಲ್ಲ, ನಮಗೇನೂ ಆಗುವುದಿಲ್ಲವೇ? ಹಚ್ಚಿದ್ದರಲ್ಲಿ ಶೇಕಡಾ 2ಕ್ಕಿಂತ ಕಡಿಮೆ ಮಾತ್ರ ಚರ್ಮದ ಒಳಗೆ ಇಳಿಯುತ್ತದೆ. ಇಳಿದದ್ದನ್ನೂ ನಮ್ಮ ದೇಹ ಬೇಗನೆ ಒಡೆದು ಮೂತ್ರದಲ್ಲಿ ಹೊರಗೆ ಹಾಕುತ್ತದೆ.

ಆದರೆ ಸೀರು? ಈಗಷ್ಟೇ ಇಟ್ಟ ಮೊಟ್ಟೆಯೊಳಗೆ ಮೊದಲ ಕೆಲವು ದಿನ ನರಗಳೇ ಬೆಳೆದಿರುವುದಿಲ್ಲ. ನರವೇ ಇಲ್ಲದ ಮೇಲೆ ನರದ ವಿಷ ಏನು ಮಾಡೀತು? ಮೇಲೆ ಗಟ್ಟಿ ಚಿಪ್ಪು ಬೇರೆ. ಹಾಗಾಗಿ ಹೇನುಗಳೆಲ್ಲ ಸತ್ತರೂ ಸೀರುಗಳಲ್ಲಿ ಒಂದಿಷ್ಟು ಉಳಿದೇ ಉಳಿಯುತ್ತವೆ. ಅಜ್ಜಿಯ ಮೊಮ್ಮಗಳ ತಲೆಯಲ್ಲಿ ಎದ್ದು ಬಂದದ್ದು ಸತ್ತ ಹೇನಲ್ಲ, ಅದರ ಮಕ್ಕಳು.

ಈಗ ಲೆಕ್ಕ ನೋಡಿ. ಸೀರು ಒಡೆದು ಮರಿ ಬರಲು ಆರರಿಂದ ಒಂಬತ್ತು ದಿನ. ಹುಟ್ಟಿದ ಮರಿ ಬೆಳೆದು ತಾನು ಮೊಟ್ಟೆ ಇಡುವಂತಾಗಲು ಇನ್ನೊಂದು ಒಂಬತ್ತರಿಂದ ಹನ್ನೆರಡು ದಿನ. ಹಾಗಾದರೆ ಮೊದಲ ಸಲ ಹಚ್ಚಿದ ಒಂಬತ್ತು ದಿನಕ್ಕೆ ಏನಾಗಿರುತ್ತದೆ? ಉಳಿದಿದ್ದ ಸೀರುಗಳು ಹೆಚ್ಚುಕಮ್ಮಿ ಎಲ್ಲವೂ ಒಡೆದಿರುತ್ತವೆ. ಹೊರಬಂದ ಮರಿಗಳಿಗೆ ಇನ್ನೂ ಮೊಟ್ಟೆ ಇಡುವ ವಯಸ್ಸು ಬಂದಿರುವುದಿಲ್ಲ. ಮೊಟ್ಟೆಯೂ ಇಲ್ಲದ, ತಾಯಿಯೂ ಇಲ್ಲದ ಆ ಒಂದು ಸಂದು ಇದೆಯಲ್ಲ, ಅದರಲ್ಲಿ ಎರಡನೆಯ ಸಲ ಹಚ್ಚಿದರೆ ವಂಶ ಅಲ್ಲಿಗೆ ನಿಂತಿತು. ಮೂರನೆಯ ದಿನವೇ ಮತ್ತೆ ಹಚ್ಚಿದರೆ ಸೀರು ಇನ್ನೂ ಸೀರಾಗಿಯೇ ಇರುತ್ತದೆ, ಔಷಧಿ ದಂಡ. ಮೂರು ವಾರ ಬಿಟ್ಟು ಹಚ್ಚಿದರೆ ಮರಿಗಳು ತಾಯಂದಿರಾಗಿ ಹೊಸ ಸೀರು ಇಟ್ಟಾಗಿರುತ್ತದೆ. ಒಂದು ಹೆಣ್ಣು ಹೇನು ದಿನಕ್ಕೆ ಎಂಟರವರೆಗೆ ಮೊಟ್ಟೆ ಇಡಬಲ್ಲದು.

ನೆನಪಿಡಲು ಒಂದು ಸುಲಭದ ದಾರಿ ಹೇಳುತ್ತೇನೆ. ಮೊದಲ ಸಲ ಭಾನುವಾರ ಹಚ್ಚಿ, ಮನೆಯಲ್ಲಿ ಎಲ್ಲರಿಗೂ ಬಿಡುವಿರುತ್ತದೆ. ಅದಾಗಿ ಒಂಬತ್ತು ದಿನಕ್ಕೆ ಬರುವುದು ಮುಂದಿನ ವಾರದ ಮಂಗಳವಾರ. ಮಂಗಳವಾರ ನಮ್ಮ ಹೆಂಗಸರು ತಲೆಗೆ ನೀರು ಹಾಕಿಕೊಳ್ಳುವ ವಾರ ತಾನೇ. ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುವ ಹಾಗೆ ಆ ತಾರೀಖಿಗೂ ಒಂದು ಸುತ್ತು ಹಾಕಿಬಿಡಿ.

ಇನ್ನು ಹಚ್ಚುವ ಕ್ರಮ. ನಮ್ಮದು ಕೊಬ್ಬರಿಯ ಊರು. ಮಕ್ಕಳ ತಲೆಗೆ ಎಣ್ಣೆ ತಟ್ಟದೆ ಸ್ಕೂಲಿಗೆ ಕಳಿಸುವವರಿಲ್ಲ. ಎಣ್ಣೆ ತಲೆಯ ಮೇಲೆ ಈ ಔಷಧಿ ಹಚ್ಚಿದರೆ ಕೂದಲಿಗೆ ಹತ್ತುವುದೇ ಇಲ್ಲ. ಮೊದಲು ಸಾದಾ ಶಾಂಪೂವಿನಲ್ಲಿ ಜಿಡ್ಡು ಹೋಗುವ ಹಾಗೆ ತೊಳೆಯಿರಿ. ಕೂದಲು ನುಣುಪಾಗಲೆಂದು ಹಚ್ಚುವ ಕಂಡೀಷನರ್ ಬೇಡ, ಕಂಡೀಷನರ್ ಬೆರೆಸಿದ ಶಾಂಪೂವೂ ಬೇಡ. ಆಮೇಲೆ ಟವೆಲಿನಿಂದ ಒರೆಸಿ, ನೀರು ತೊಟ್ಟಿಕ್ಕದ, ಆದರೆ ಇನ್ನೂ ಒದ್ದೆಯಿರುವ ಕೂದಲಿಗೆ ಲೋಷನ್ ಹಚ್ಚಿ. ಬಾಟಲಿಯನ್ನು ಮೊದಲು ಚೆನ್ನಾಗಿ ಅಲ್ಲಾಡಿಸಿ. ಕಿವಿಯ ಹಿಂದೆ ಮತ್ತು ಹಿಂಗತ್ತಿನ ಮೇಲೆ ಹೇನಿಗೆ ಪ್ರೀತಿ ಹೆಚ್ಚು. ಅಲ್ಲಿ ಬುಡ ನೆನೆಯುವಂತೆ ಹಚ್ಚಬೇಕು. ಮೊಣಕಾಲು ಮುಟ್ಟುವ ಜಡೆಯಿದ್ದರೆ ಒಂದು ಬಾಟಲಿ ಸಾಲದು, ಇನ್ನೊಂದು ತನ್ನಿ. ಇದರಲ್ಲಿ ಜಿಪುಣತನ ಮಾಡಿದರೆ ಅರೆಜೀವ ಉಳಿದ ಹೇನುಗಳೇ ಲಾಭ ಮಾಡಿಕೊಳ್ಳುತ್ತವೆ.

ಹಚ್ಚಿ ಬಿಡಬೇಕಾದದ್ದು ಹತ್ತು ನಿಮಿಷ. ಗಡಿಯಾರ ನೋಡಿ ಹತ್ತೇ ನಿಮಿಷ. ಒಳ್ಳೆಯದಾಗಲಿ ಎಂದು ರಾತ್ರಿಯೆಲ್ಲ ಬಿಡುವುದು, ಪ್ಲಾಸ್ಟಿಕ್ ಕವರ್ ಕಟ್ಟುವುದು ಯಾವುದೂ ಬೇಡ. ಆಮೇಲೆ ಮಗುವನ್ನು ಬಗ್ಗಿಸಿಕೊಂಡು, ಕಣ್ಣಿಗೆ ಬಟ್ಟೆ ಹಿಡಿಸಿ, ಉಗುರುಬೆಚ್ಚಗಿನ ನೀರಿನಲ್ಲಿ ತಲೆ ಮಾತ್ರ ತೊಳೆಯಿರಿ. ಮೈಮೇಲೆಲ್ಲ ಹರಿಯದಿದ್ದರೆ ಒಳ್ಳೆಯದು. ಅದಾದ ಮೇಲೆ ಒಂದೆರಡು ದಿನ ಶಾಂಪೂ ಹಾಕಬೇಡಿ. ಕೂದಲಿನ ಮೇಲೆ ಉಳಿದ ಸ್ವಲ್ಪ ಔಷಧಿ ಕೆಲವು ದಿನ ಕೆಲಸ ಮಾಡುತ್ತಲೇ ಇರುತ್ತದೆ.

ಎಂಟು ಹತ್ತು ಗಂಟೆ ಬಿಟ್ಟು ತಲೆ ನೋಡಿ. ಹೇನು ಸತ್ತಿದ್ದರೆ ಅಥವಾ ಅಮಲು ಹತ್ತಿದವರ ಹಾಗೆ ನಿಧಾನ ತೆವಳುತ್ತಿದ್ದರೆ ಔಷಧಿ ಹಿಡಿದಿದೆ ಎಂದರ್ಥ. ಸೀರಣಿಗೆ ಹಿಡಿದು ಬಾಚಿ ತೆಗೆಯಿರಿ. ಮೊದಲಿನ ಹಾಗೆಯೇ ಚುರುಕಾಗಿ ಓಡುತ್ತಿದ್ದರೆ ಮಾತ್ರ ಮತ್ತೆ ಅದೇ ಔಷಧಿ ಸುರಿಯದೆ ಡಾಕ್ಟರ ಹತ್ತಿರ ಹೋಗಿ. ಅಮೆರಿಕ, ಇಂಗ್ಲೆಂಡುಗಳಲ್ಲಿ ಎಷ್ಟೋ ಕಡೆ ಹೇನುಗಳು ಪರ್ಮೆಥ್ರಿನ್‌ಗೆ ಜಗ್ಗದಂತಾಗಿವೆ. ಅವುಗಳ ನರದ ಬಾಗಿಲಿನ ಆಕಾರವೇ ಬದಲಾಗಿ ಔಷಧಿಗೆ ಹಿಡಿತ ಸಿಗುವುದಿಲ್ಲ. ಅಂಥಲ್ಲಿ ಡಾಕ್ಟರು ಐವರ್ಮೆಕ್ಟಿನ್ ಲೋಷನನ್ನೋ, ಹೇನಿನ ಮೈಗೆ ಪೊರೆಯಂತೆ ಅಂಟಿ ಕೊಲ್ಲುವ ಡೈಮೆಥಿಕೋನ್ ಎಂಬ ಸಿಲಿಕೋನ್ ಎಣ್ಣೆಯನ್ನೋ ಬರೆದುಕೊಡುತ್ತಾರೆ.

ಸೀರಣಿಗೆಯ ಮಾತು ಬಂತು. ಎರಡೂ ಕಡೆ ಒತ್ತಾಗಿ ಹಲ್ಲಿರುವ ನಮ್ಮ ಅಜ್ಜಿಯರ ಮರದ ಸೀರಣಿಗೆಯನ್ನು ಯಾವ ಔಷಧಿಯೂ ಮೂಲೆಗೆ ತಳ್ಳಿಲ್ಲ. ಲಾಕೀಶಿನ ಆ ದಂತದ ಬಾಚಣಿಗೆಯೂ ಎರಡು ಕಡೆ ಹಲ್ಲಿನದೇ. ಎರಡು ಸಲದ ಔಷಧಿಯ ನಡುವೆ ಎರಡು ಮೂರು ದಿನಕ್ಕೊಮ್ಮೆ, ಆಮೇಲೂ ಎರಡು ಮೂರು ವಾರ ಒದ್ದೆ ಕೂದಲನ್ನು ಎಳೆ ಎಳೆಯಾಗಿ ಬಿಡಿಸಿ ಬಾಚಿ, ಬಿಳಿ ಬಟ್ಟೆಯ ಮೇಲೆ ಒರೆಸಿ ನೋಡಿ. ಸೀರೋ ಹೊಟ್ಟೋ ಎಂಬ ಅನುಮಾನ ಬಂದರೆ ಬೆರಳಿನಿಂದ ತಟ್ಟಿ. ಉದುರಿದರೆ ಹೊಟ್ಟು, ಕೂದಲಿಗೆ ಅಂಟಿ ಕೂತರೆ ಸೀರು. ಬುಡದಿಂದ ಅರ್ಧ ಬೆರಳು ದೂರ ಕಾಣುವ ಸೀರು ಸಾಮಾನ್ಯವಾಗಿ ಒಡೆದ ಖಾಲಿ ಚಿಪ್ಪು. ಕೂದಲು ಬೆಳೆದಂತೆ ಅದೂ ದೂರ ಹೋಗಿದೆ, ಅಷ್ಟೇ. ಅದನ್ನು ಕಂಡು ಮತ್ತೆ ಔಷಧಿಗೆ ಓಡಬೇಡಿ. ಜೀವಂತ ಹೇನು ಕಂಡರೆ ಮಾತ್ರ ಔಷಧಿಯ ಮಾತು.

ಇನ್ನು ಎಚ್ಚರಿಕೆಗಳು. ಎರಡು ತಿಂಗಳು ತುಂಬದ ಕೂಸಿಗೆ ಇದನ್ನು ಹಚ್ಚುವಂತಿಲ್ಲ. ಬಸುರಿ, ಬಾಣಂತಿಯರು ಡಾಕ್ಟರನ್ನು ಕೇಳಿ ಹಚ್ಚಿಕೊಳ್ಳಿ. ಸೇವಂತಿಗೆ ಜಾತಿಯ ಹೂಗಳು ಒಗ್ಗದವರು, ಉಬ್ಬಸ ಇರುವವರು ಮೊದಲೇ ಹೇಳಬೇಕು. ತಲೆಯಲ್ಲಿ ಕೀವಿನ ಗಾಯ ಇದ್ದರೆ ಮೊದಲು ಅದು ಮಾಯಲಿ. ಹಚ್ಚಿದ ಮೇಲೆ ಸ್ವಲ್ಪ ಉರಿ, ಕೆಂಪು, ಜುಮುಜುಮು ಆಗುವುದುಂಟು, ಹೋಗುತ್ತದೆ. ಹೇನು ಸತ್ತ ಮೇಲೂ ಕೆಲವು ದಿನ ತುರಿಕೆ ಉಳಿಯಬಹುದು. ಅದು ಔಷಧಿ ಸೋತದ್ದಕ್ಕೆ ಸಾಕ್ಷಿಯಲ್ಲ. ಕಣ್ಣಿಗೆ ಬಿದ್ದರೆ ಉಜ್ಜದೆ ತಣ್ಣೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಮಗು ಅಪ್ಪಿತಪ್ಪಿ ಕುಡಿದರೆ ವಾಂತಿ ಮಾಡಿಸಲು ಹೋಗದೆ ಬಾಟಲಿ ಸಮೇತ ಆಸ್ಪತ್ರೆಗೆ ಕರೆದೊಯ್ಯಿರಿ. ಮನೆಯಲ್ಲಿ ಬೆಕ್ಕಿದ್ದರೆ ಈ ಬಾಟಲಿಯಿಂದ ದೂರವಿಡಿ. ಈ ಔಷಧಿಯನ್ನು ಒಡೆಯುವ ಶಕ್ತಿ ಬೆಕ್ಕಿನ ಮೈಗೆ ಇಲ್ಲ, ಅದಕ್ಕಿದು ವಿಷ. ಮೀನಿಗೂ ಹಾಗೆಯೇ. ಉಳಿದದ್ದನ್ನು ಕೆರೆಗೋ ತೊರೆಗೋ ಸುರಿಯಬೇಡಿ.

ಅಂಗಡಿಯವನಾಗಿ ಒಂದು ಮಾತು ಒತ್ತಿ ಹೇಳಬೇಕು. ಇದೇ ಪರ್ಮೆಥ್ರಿನ್ ಶೇಕಡಾ 5ರ ಕ್ರೀಮಾಗಿಯೂ ಬರುತ್ತದೆ. ಅದು ಕಜ್ಜಿಗೆ, ಮೈಗೆ ಹಚ್ಚಿ ಎಂಟು ಗಂಟೆಗೂ ಹೆಚ್ಚು ಬಿಡುವಂಥದ್ದು. ತಲೆಗೆ ಬೇಕಾದದ್ದು ಶೇಕಡಾ 1ರದ್ದು, ಹತ್ತು ನಿಮಿಷದ್ದು. ಹೆಸರು ಒಂದೇ ಎಂದು ಅದನ್ನು ಇದಕ್ಕೆ, ಇದನ್ನು ಅದಕ್ಕೆ ಹಚ್ಚಬೇಡಿ. ಹಾಗೆಯೇ ಕಪಾಟಿನ ಮೂಲೆಯಲ್ಲಿ ಗಾಮಾ ಬೆಂಜೀನ್ ಹೆಕ್ಸಾಕ್ಲೋರೈಡ್ ಎಂದು ಬರೆದ ಹಳೆಯ ಲೋಷನ್ ಇದ್ದರೆ ಅದನ್ನು ಮುಟ್ಟಬೇಡಿ. ಲಿಂಡೇನ್ ಎಂಬುದೂ ಅದರ ಹೆಸರೇ. ನಾನು ಅಂಗಡಿ ತೆರೆದ ಕಾಲದಲ್ಲಿ ಅದನ್ನೇ ಮಾರುತ್ತಿದ್ದೆವು. ಮಕ್ಕಳಲ್ಲಿ, ಸಣಕಲು ಮೈಯವರಲ್ಲಿ ಅದು ಮಿದುಳಿಗೆ ಏರಿ ಫಿಟ್ಸ್ ತರಬಹುದೆಂದು ಅಮೆರಿಕದ ಔಷಧ ಆಡಳಿತ 2003ರಲ್ಲಿ ಕಟ್ಟೆಚ್ಚರ ಕೊಟ್ಟಿತು. 2009ರಲ್ಲಿ ಸ್ಟಾಕ್‌ಹೋಮ್ ಒಪ್ಪಂದ ಅದನ್ನು ಜಗತ್ತಿನಿಂದ ತೊಲಗಿಸಬೇಕಾದ ವಿಷಗಳ ಪಟ್ಟಿಗೆ ಸೇರಿಸಿತು.

ಇನ್ನು ಮನೆಮದ್ದಿನ ಹೆಸರಿನಲ್ಲಿ ನಡೆಯುವ ಅನಾಹುತಗಳು. ತಲೆಗೆ ಸೀಮೆಎಣ್ಣೆ ಹಾಕಿ ಒಲೆಯ ಮುಂದೆ ಕೂರಿಸುವುದು ಎಂದರೆ ಮಗುವನ್ನು ಬೆಂಕಿಗೆ ಒಡ್ಡಿದ ಹಾಗೆ. ತೋಟಕ್ಕೆ ಹೊಡೆಯುವ ಔಷಧಿಯನ್ನು ತಲೆಗೆ ಹಚ್ಚುವುದಂತೂ ಜೀವಕ್ಕೇ ಅಪಾಯ. ಚರ್ಮದ ಮೂಲಕವೇ ವಿಷ ಏರುತ್ತದೆ. ಸೀತಾಫಲದ ಬೀಜ ಅರೆದು ಹಚ್ಚುವ ರೂಢಿ ನಮ್ಮ ಕಡೆ ಇದೆ. ಹೇನೇನೋ ಸಾಯುತ್ತದೆ, ಆದರೆ ಅದರ ಒಂದು ಚೂರು ಕಣ್ಣಿಗೆ ಇಳಿದರೆ ಕರಿಗುಡ್ಡೆಯ ಮೇಲ್ಪೊರೆ ಸುಟ್ಟಂತಾಗಿ, ಮಗು ಕಣ್ಣು ಬಿಡಲಾರದೆ ಒದ್ದಾಡುತ್ತದೆ. ಕಣ್ಣಿನ ಡಾಕ್ಟರುಗಳಿಗೆ ಇದು ಚೆನ್ನಾಗಿ ಗೊತ್ತಿರುವ ಪ್ರಕರಣ.

ಮನೆಯ ವಿಷಯದಲ್ಲಿ ಗಾಬರಿ ಬೇಡ. ತಲೆಯಿಂದ ಉದುರಿದ ಹೇನು ರಕ್ತವಿಲ್ಲದೆ ಒಂದೆರಡು ದಿನಕ್ಕಿಂತ ಹೆಚ್ಚು ಬದುಕುವುದಿಲ್ಲ. ಹಿಂದಿನ ಎರಡು ದಿನ ಬಳಸಿದ ದಿಂಬಿನ ಕವರ್, ಹೊದಿಕೆ, ಟವೆಲುಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ. ಬಾಚಣಿಗೆಗಳನ್ನು ಹತ್ತು ನಿಮಿಷ ಬಿಸಿನೀರಿನಲ್ಲಿ ಅದ್ದಿಡಿ. ಮನೆಯೆಲ್ಲ ಸ್ಪ್ರೇ ಹೊಡೆಯಬೇಕಿಲ್ಲ. ಆದರೆ ಮನೆಮಂದಿಯ ತಲೆಗಳನ್ನೆಲ್ಲ ಒಂದೇ ದಿನ ನೋಡಿ. ಹೇನಿರುವವರಿಗೆಲ್ಲ, ಒಂದೇ ಹಾಸಿಗೆಯಲ್ಲಿ ಮಲಗುವವರಿಗೂ ಒಂದೇ ದಿನ ಹಚ್ಚಿ. ಒಬ್ಬೊಬ್ಬರಿಗೆ ಒಂದೊಂದು ವಾರ ಹಚ್ಚಿದರೆ ಹೇನು ಈ ತಲೆಯಿಂದ ಆ ತಲೆಗೆ ನೆಂಟರ ಮನೆಗೆ ಹೋಗಿ ಬಂದ ಹಾಗೆ ತಿರುಗುತ್ತಿರುತ್ತದೆ. ಮೇಷ್ಟರುಗಳಲ್ಲೂ ಒಂದು ಬಿನ್ನಹ: ಹೇನಿದೆ ಎಂದು ಮಗುವನ್ನು ಕ್ಲಾಸಿನಿಂದ ಎಬ್ಬಿಸಿ ಮನೆಗೆ ಅಟ್ಟಬೇಡಿ. ತಿಂಗಳಿಂದ ತಲೆಯಲ್ಲಿ ಇದ್ದದ್ದು ಸಂಜೆಯವರೆಗೆ ಇದ್ದರೆ ಆಕಾಶ ಬೀಳುವುದಿಲ್ಲ. ಸಂಜೆ ಅಪ್ಪ ಅಮ್ಮನಿಗೆ ಮೆಲ್ಲಗೆ ತಿಳಿಸಿದರೆ ಸಾಕು.

ಆ ಅಜ್ಜಿಯ ಕಥೆ ಅರ್ಧಕ್ಕೆ ನಿಂತಿತ್ತು. ಅವತ್ತು ಅವರಿಗೆ ಸ್ಟೂಲು ಹಾಕಿ ಕೂರಿಸಿ, ಸೀರಿನ ಲೆಕ್ಕವನ್ನೆಲ್ಲ ಹೇಳಿ, ಪೆಟ್ಟಿಗೆಯ ಮೇಲೆ ಎರಡು ತಾರೀಖು ದಪ್ಪಗೆ ಬರೆದುಕೊಟ್ಟೆ. ಅಲ್ಲಿಂದ ಮುಂದೆ ಅಂಗಡಿ ಮುಚ್ಚುವವರೆಗೂ ಪ್ರತಿ ಬಾಟಲಿಯ ಮೇಲೂ ಹಾಗೇ ಬರೆದೆ. ಸುಮಾರು ಒಂದು ವರ್ಷದ ಮೇಲೆ ಅಜ್ಜಿ ಮತ್ತೆ ಬಂದರು. ಸಂತೆಯ ದಿನ, ಅಂಗಡಿ ತುಂಬ ಜನ. ಎಲ್ಲರ ಹಿಂದಿನಿಂದಲೇ ಕೂಗಿದರು:

"ಹೇನಿಂದು ಎರಡು ಬಾಟ್ಲಿ ಕೊಡಪ್ಪಾ. ನಮ್ಮನೇಗೇ! ತಾರೀಕು ಬರೆಯೋದು ಮರೀಬೇಡ."

ಜನ ತಿರುಗಿ ನೋಡಿದರು, ಒಂದಿಬ್ಬರು ನಕ್ಕರು. ಅವರ ಪಕ್ಕದಲ್ಲಿ ನಿಂತು ಆಗಿನಿಂದ ತಲೆನೋವಿನ ಮಾತ್ರೆ ಕೇಳುತ್ತಿದ್ದ ಒಬ್ಬಾಕೆ, ನನ್ನ ಕಡೆ ಬೆರಳು ತೋರಿಸಿ ಹೇಳಿದರು, "ನಂಗೂ ಅದೇ ಒಂದು ಕೊಡಿ. ನಂದಕ್ಕೂ ತಾರೀಕು ಬರೀರಿ."